ಕೆಂಪಸಿದ್ದನ ವಪೆ

ನಾನು ಒಂದು ವಪೆ. ಕೆಂಪಸಿದ್ದನ ಎದೆಗೂ ಹೊಟ್ಟೆಗೂ ನಡುವೆ ಅಡ್ಡಲಾಗಿ ಹಬ್ಬಿರುವ ಮಾಂಸದ ಪರದೆ. ಹುಟ್ಟಿನಿಂದಲೇ ಪುಕ್ಕಲು. ಅವನು ತಾಯಿಯ ಹೊಟ್ಟೆಯಿಂದ ಹೊರಬಿದ್ದ ಕ್ಷಣ ಯಾರೋ ನನ್ನನ್ನು ಕೆಳಕ್ಕೆ ಜಗ್ಗಿದಂತಾಯಿತು. ಗಾಳಿ ಒಳಗೆ ನುಗ್ಗಿತು, ಮಗು ಕಿರುಚಿತು. ಸುತ್ತಲಿದ್ದವರು ನಕ್ಕರು, ನನಗೋ ಜೀವ ಬಾಯಿಗೆ ಬಂದಿತ್ತು.

ಮೇಲಿನ ಮನೆಯ ಶ್ವಾಸಕೋಶಗಳಿಗೆ ಹೆಸರು ದೊಡ್ಡದು, ಸ್ವಂತ ಕಸುವಿಲ್ಲ. ನಾನು ಕೆಳಗಿಳಿದು ಪಕ್ಕೆಲುಬುಗಳು ಅಗಲವಾದರೆ ತಾನೇ ಮೂಗಿನ ಗಾಳಿ ಕೊಳವೆಯಲ್ಲಿಳಿದು ಅವುಗಳ ಪುಟ್ಟ ಪುಟ್ಟ ಗೂಡುಗಳನ್ನು ತುಂಬುವುದು? ಅಲ್ಲಿ ರಕ್ತ ಆಮ್ಲಜನಕವನ್ನು ಎತ್ತಿಕೊಂಡು, ಕೆಟ್ಟ ಗಾಳಿಯನ್ನು ಇಳಿಸಿ ಹೋಗುತ್ತದೆ. ನಾನು ಸಡಿಲಾದರೆ ಅದು ಹೊರಗೆ. ಕೆಟ್ಟ ಗಾಳಿ ಹೆಚ್ಚಾದರೆ ಮಿದುಳು ನನ್ನನ್ನು ಒದೆಯುತ್ತದೆ, "ಎಳೆ!" ಎಂದು. ಆ ಒದೆತವೇ ನಮಗೆ ಕಾವಲು.

ಕೆಂಪಸಿದ್ದನ ಕಸುಬು ಮುಳುಗುವುದು. ಬಾವಿಗೆ ಬಿದ್ದ ಬಿಂದಿಗೆ ಪಾತಾಳಗರಡಿಯ ಕೊಕ್ಕೆಗೆ ಸಿಗದಿದ್ದರೆ ಅವನಿಗೆ ಕರೆ. ಅವನ ಸೊಂಟಕ್ಕೆ ಹಗ್ಗ, ಹಗ್ಗದ ತುದಿ ದಂಡೆಯ ಮೇಲೆ ಹೆಂಡತಿ ನಿಂಗಾಜಮ್ಮನ ಕೈಯಲ್ಲಿ. ಒದೆತ ಜೋರಾದಾಗ ಅವನು ಹಗ್ಗ ಜಗ್ಗುತ್ತಿದ್ದ, ಅವಳು ರಾಟೆಯಿಂದ ಎಳೆಯುತ್ತಿದ್ದಳು.

ಒಮ್ಮೆ ತೋಟವೊಂದರ ಆಳದ ಬಾವಿಯಲ್ಲಿ ಪಂಪಿನ ಕೊಳವೆಯ ಬುಡದ ಫುಟ್‌ವಾಲ್ವ್ ಕೆಸರಿಗೆ ಸಿಕ್ಕಿಕೊಂಡಿತು. ಕೆಂಪಸಿದ್ದ ಮುಳುಗಿ ಬರಿಗೈಯಲ್ಲಿ ಬಂದ.

"ಈ ಸಲ ಬಿರಬಿರನೆ ಉಸ್ರಾಡ್ಬುಟ್ಟು ಹೋಯ್ತೀನಿ ಕಣಮ್ಮಿ. ಒಳಗೆ ಉಸ್ರು ತುಂಬ್ಕತದೆ, ಜಾಸ್ತಿ ಹೊತ್ತು ಇರ್ಬೋದು" ಎಂದ.

ಎಂಥ ತಪ್ಪು! ಉಸಿರೇನೂ ಹೆಚ್ಚು ತುಂಬಲಿಲ್ಲ, ಕೆಟ್ಟ ಗಾಳಿ ಮಾತ್ರ ಬರಿದಾಯಿತು. ತಳದಲ್ಲಿ ಅವನು ಕೆಸರು ಬಗೆಯುತ್ತಲೇ ಇದ್ದ. ಆಮ್ಲಜನಕ ಮುಗಿಯುತ್ತ ಬಂದರೂ, ಕೆಟ್ಟ ಗಾಳಿ ಇನ್ನೂ ತುಂಬದ್ದರಿಂದ ಒದೆತ ಬರಲೇ ಇಲ್ಲ. ಅವನಿಗೆ ಹಾಯೆನಿಸುತ್ತಿತ್ತು. ಅದಕ್ಕೇ ನನಗೆ ಭಯ. ಅಪ್ಪಣೆಯಿಲ್ಲದೆ ಕೂಗುವ ಬಾಯಿ ನನಗಿಲ್ಲ. ಅವನ ಕಣ್ಣು ಕತ್ತಲಿಟ್ಟಿತು, ಕೈ ಜೋತುಬಿತ್ತು. ಹಗ್ಗವನ್ನು ಅವನು ಜಗ್ಗಲಿಲ್ಲ.

ಆದರೂ ಹಗ್ಗ ಬಿಗಿಯಿತು. ತೋಟದವರೂ ಕೈ ಹಾಕಿ ಅವನನ್ನು ಮೇಲೆಳೆದರು. ನಿಂಗಾಜಮ್ಮ ಬೆನ್ನಿಗೆ ಗುದ್ದಿದಳು. ನಾನು ಸೆಟೆದು ಕೆಳಗಿಳಿದೆ, ಅವನು ಕೆಮ್ಮಿದ.

"ನಾ ಜಗ್ನೇ ಇಲ್ವಲ್ಲಮ್ಮಿ, ಹೆಂಗ್ ಗೊತ್ತಾಯ್ತು?"

"ನೀ ಮುಳುಗ್ದಾಗೆಲ್ಲ ನಾನೂ ಉಸ್ರು ಕಟ್ಕಂಡೇ ನಿಂತಿರ್ತೀನಿ. ನಂದು ಎರಡ್ ಸಲ ಮುಗಿಯೋದ್ರೊಳಗೆ ನೀ ಜಗ್ತಿದ್ದೆ. ಇವತ್ತು ಎರಡ್ನೇದೂ ಮುಗುದ್ಹೋಯ್ತು" ಎಂದು ಅವಳು ಅಳತೊಡಗಿದಳು.

ಬಾವಿಯ ತಂಟೆಗೆ ಅವನು ಮತ್ತೆ ಹೋಗಲಿಲ್ಲ. ಈಗ ಇಬ್ಬರಿಗೂ ವಯಸ್ಸಾಗಿದೆ, ನಿಂಗಾಜಮ್ಮನಿಗೆ ಉಬ್ಬಸ. ಸುಯ್ಯೆನ್ನುವ ಅವಳ ಉಸಿರು ನಡುವೆ ಸಿಕ್ಕಿಕೊಂಡಾಗ, ಪಕ್ಕದಲ್ಲಿ ಕೂತ ಕೆಂಪಸಿದ್ದ ತನಗರಿವಿಲ್ಲದೆ ನನ್ನನ್ನೂ ನಿಲ್ಲಿಸಿಬಿಡುತ್ತಾನೆ. ಮಿದುಳು ಒದೆಯುತ್ತದೆ. ನಾನೂ ಮುದಿಯಾಗಿದ್ದೇನೆ, ಹೆದರಿಕೆಯಾಗುತ್ತದೆ. ಆದರೂ ಅವಳ ಉಸಿರು ಮತ್ತೆ ಆಡುವ ತನಕ ನಾನು ಇಳಿಯುವುದಿಲ್ಲ.