ಇಪ್ಪತ್ತು ವರ್ಷ ಮುಂದಿನ ಮುಖ

ಆ ಕನ್ನಡಿ ಬರುವ ಮುಂಚೆ ನಮ್ಮ ಬೀದಿಯ ಹೆಂಗಸರಿಗೆಲ್ಲ ಒಂದೊಂದೇ ಮುಖ ಇತ್ತು. ಬಂದ ಮೇಲೆ ಎರಡೆರಡಾಯಿತು. ಈಗಿನದ್ದೊಂದು, ಇಪ್ಪತ್ತು ವರ್ಷ ಆದ ಮೇಲಿನದ್ದೊಂದು. ಎರಡನೆಯದನ್ನು ನೋಡಿದವರು ಮೊದಲನೆಯದನ್ನೂ ಕೆಡಿಸಿಕೊಂಡು ಮನೆಗೆ ಹೋಗುತ್ತಿದ್ದರು.

ಬ್ಯೂಟಿ ಪಾರ್ಲರ್ ಇರುವುದು ನನ್ನ ಮನೆಯ ಕೆಳಗೆ. ಯಜಮಾನರು ಹೋದ ಮೇಲೆ ಮನೆಯಲ್ಲಿ ನನ್ನ ಜೊತೆ ಮಾತಾಡುವುದು ಫ್ಯಾನ್ ಒಂದೇ, ಅದೂ ಹೇಳಿದ್ದನ್ನೇ ಹೇಳುತ್ತದೆ. ಹಾಗಾಗಿ ಬೆಳಿಗ್ಗೆ ಶಟರ್ ಎತ್ತಿದ ಸದ್ದಾದರೆ ನಾನು ಕೆಳಗೆ. ಬಾಗಿಲ ಪಕ್ಕದ ಸೋಫಾದಲ್ಲಿ ನನ್ನ ಸೊಂಟದ ಅಚ್ಚು ಎಷ್ಟು ಆಳ ಬಿದ್ದಿದೆಯೆಂದರೆ ಬೇರೆಯವರು ಕೂತರೆ ಎತ್ತಲು ಇಬ್ಬರು ಬೇಕು.

ಪಾರ್ಲರ್ ನಡೆಸುವವರು ಅಕ್ಕ ತಂಗಿ. ತಾಯಿ ತಂದೆ ಇಲ್ಲ. ಅಕ್ಕನೇ ದುಡಿದು ತಂಗಿಯನ್ನು ಸಾಕಿದಳು, ಅದನ್ನು ತಂಗಿ ಮರೆಯದಂತೆಯೂ ನೋಡಿಕೊಂಡಳು. ಅಕ್ಕ ಮುಖ, ಕೂದಲು ನೋಡುತ್ತಾಳೆ. ತಂಗಿ ಮೋಟು ಸ್ಟೂಲಿನ ಮೇಲೆ ಕೂತು ಬಂದವರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಉಗುರು ಉಜ್ಜುತ್ತಾಳೆ. ಹದಿನಾರರಲ್ಲಿ ಆ ಸ್ಟೂಲಿನ ಮೇಲೆ ಕೂತವಳು, ಎದ್ದಿದ್ದನ್ನು ನಾನು ನೋಡಿಲ್ಲ.

ಕನ್ನಡಿ ಬಾಗಿಲಷ್ಟು ಎತ್ತರ. ಎದುರಿಗೆ ನಿಂತರೆ ಹೆಂಗಸಿನ ದನಿಯಲ್ಲಿ "ದಯವಿಟ್ಟು ಅಲ್ಲಾಡಬೇಡಿ" ಎಂದು ಹೇಳಿ, ಮುಖದ ಪಟ ತೆಗೆದುಕೊಂಡು, ಇಪ್ಪತ್ತು ವರ್ಷ ಆದ ಮೇಲೆ ಹೇಗಾಗುತ್ತೀರಿ ಎಂದು ತೋರಿಸುತ್ತದೆ. ಕೂರಿಸಿಹೋದ ಮೆಕ್ಯಾನಿಕ್ಕು ಅಕ್ಕತಂಗಿಯರಿಗೆ ಎರಡು ಗುಟ್ಟು ಹೇಳಿಕೊಟ್ಟ. ನಾನು ಸೋಫಾದಲ್ಲಿ ನಿದ್ದೆ ಮಾಡುತ್ತಿದ್ದೇನೆ ಎಂದುಕೊಂಡು ಹೇಳಿದ.

ಒಂದು, ಕನ್ನಡಿಯ ಹಿಂದೆ ಒಂದು ತಿರುಪು. ಒಂದು ತುದಿಗೆ ತಿರುಗಿಸಿದರೆ ಚೆನ್ನಾಗಿ ನೋಡಿಕೊಂಡ ಚರ್ಮ, ಇನ್ನೊಂದು ತುದಿಗೆ ತಿರುಗಿಸಿದರೆ ಬಿಸಿಲು ಗಾಳಿಗೆ ಬಿಟ್ಟ ಚರ್ಮ. ಎರಡನೆಯದು, ಮುಖ ಒಣಗಿರಬೇಕು. ಮಸಾಜಿನ ಜೆಲ್ ಹಚ್ಚಿ ನಿಂತರೆ ಬೆಳಕು ಜಾರಿ ಕನ್ನಡಿಗೆ ಮುಖವೇ ಸಿಗುವುದಿಲ್ಲ, ಬೂದಿ ಬಣ್ಣ ತಿರುಗಿ ಕೈಚೆಲ್ಲುತ್ತದೆ.

ಅಕ್ಕ ಅವತ್ತೇ ತಿರುಪನ್ನು ಕೆಟ್ಟ ತುದಿಗೆ ತಿರುಗಿಸಿದಳು. ಬಂದವಳನ್ನು ನಿಲ್ಲಿಸುವುದು, ಅವಳು ಒಣಗಿದ ಹಾಗಲಕಾಯಿಯಂಥ ತನ್ನ ಮುಖ ನೋಡಿ ಎದೆ ಹಿಡಿದುಕೊಳ್ಳುವುದು, ಆಗ ಕ್ರೀಮಿನ ಡಬ್ಬಿ ಕೈಗಿಟ್ಟು, ಹಿಂದೆ ಹೋಗಿ ತಿರುಪು ತಿರುಗಿಸಿ, "ಇದನ್ನ ಬಿಡದೆ ಹಚ್ಚಿದ್ರೆ ಹೀಗಿರ್ತೀರಿ ನೋಡಿ" ಎನ್ನುವುದು. ಡಬ್ಬಿಗಳು ಬಿಸಿ ದೋಸೆಗಿಂತ ಬೇಗ ಖರ್ಚಾದವು.

ನನ್ನನ್ನೂ ಒಂದು ದಿನ ನಿಲ್ಲಿಸಿದರು. ಕನ್ನಡಿ ಬಹಳ ಹೊತ್ತು ಯೋಚಿಸಿ ನಾನು ಹೇಗಿದ್ದೆನೋ ಹಾಗೇ ತೋರಿಸಿತು. ಸೇರಿಸಲು ಅದಕ್ಕೆ ಏನೂ ಉಳಿದಿರಲಿಲ್ಲ.

"ಅಜ್ಜಿ, ನಿಮಗೆ ಸಾವೇ ಇಲ್ಲ ಕಣ್ರಿ" ಎಂದಳು ಬ್ಯಾಂಕಿನಾಕೆ.

"ಇದೆ ಕಣೆ. ನಿಮ್ಮನ್ನೆಲ್ಲ ಕಳಿಸಿಕೊಟ್ಟು ಬೀಗ ಹಾಕ್ಕೊಂಡು ಬರ್ತೀನಿ" ಎಂದೆ.

ಬ್ಯಾಂಕಿನಾಕೆ, ಟೀಚರಮ್ಮ, ಮೂಲೆಯ ಔಷಧಿ ಅಂಗಡಿಯ ಹೆಂಗಸು, ಮೂವರೂ ಕಾಯಂ ಗಿರಾಕಿಗಳು. ಮುಖಕ್ಕೆ ಹಸಿರು ಮೆತ್ತಿಸಿಕೊಂಡು ಕೂತರೆಂದರೆ ಪ್ರಪಂಚದ ವಿಜ್ಞಾನವೆಲ್ಲ ಅವರ ಬಾಯಲ್ಲಿ.

"ಇನ್ನು ಡಾಕ್ಟರೂ ಬೇಡ, ಟೀಚರೂ ಬೇಡ. ಎಲ್ಲಾ ಮಿಷಿನ್ನೇ ಮಾಡುತ್ತಂತೆ" ಎಂದಳು ಟೀಚರಮ್ಮ.

"ಬರಲಿ ಬಿಡ್ರಿ. ನಾವು ಮನುಷ್ಯರು ಇದೆಯಾ ಅಂದ್ರೆ ಇಲ್ಲ, ಇಲ್ವಾ ಅಂದ್ರೆ ಇದೆ ಅಂತೀವಿ. ಮಿಷಿನ್‌ಗೆ ಹೊಟ್ಟೆನೇ ಇಲ್ಲ, ಹೊಟ್ಟೆಕಿಚ್ಚು ಎಲ್ಲಿಂದ ಬರಬೇಕು? ಅದಕ್ಕೆ ಸುಳ್ಳು ಹೇಳೋ ಅಗತ್ಯ ಇಲ್ಲ" ಎಂದಳು ಔಷಧಿಯವಳು.

ಅಕ್ಕ ಹಿಂದಿನಿಂದ ಹೌದೌದು ಎಂದು ತಲೆ ಆಡಿಸಿದಳು. ತಂಗಿ ಉಗುರು ಉಜ್ಜುತ್ತ ನನ್ನ ಕಡೆ ನೋಡಿ ತುಟಿ ಕಚ್ಚಿ ನಕ್ಕಳು.

ಆಗ ಅವಳಿಗೆ ನಗುವ ಕಾಲ. ಎದುರು ಸಾಲಿನ ಕನ್ನಡಕದ ಅಂಗಡಿಯವನ ಜೊತೆ ಮದುವೆ ಗೊತ್ತಾಗಿತ್ತು. ಮಧ್ಯಾಹ್ನ ಕೆಲಸ ಇಲ್ಲದಾಗ ಅವನ ಅಂಗಡಿಗೆ ಹೋಗಿ ಫ್ರೇಮುಗಳನ್ನು ಒರೆಸಿ ಜೋಡಿಸಿ ಬರುತ್ತಿದ್ದಳು. "ಅವರು ಕನ್ನಡಕ ತೊಡಿಸೋವಾಗ ಕಿವಿಗೆ ನೋವಾಗದ ಹಾಗೆ ತೊಡಿಸ್ತಾರೆ ಅಜ್ಜಿ" ಎಂದು ಒಂದು ದಿನ ಹೇಳಿದಳು. ಅಷ್ಟೇ ಸಾಕಾಗಿತ್ತು ಅವಳಿಗೆ. ಗಲ್ಲಾ ಪಕ್ಕದಲ್ಲಿ ಬೆನ್ನು ಇರುವ ಕುರ್ಚಿ ಹಾಕಿಸುತ್ತೇನೆ ಎಂದು ಅವನು ಮಾತು ಕೊಟ್ಟಿದ್ದ. ಸ್ಟೂಲಿನ ಮೇಲೆ ಬಾಗಿ ಬಾಗಿ ಬಳಲಿದವಳಿಗೆ ಬೆನ್ನು ಇರುವ ಕುರ್ಚಿ ಎಂದರೆ ಅರಮನೆ.

ಅವನೋ, ವಿಜ್ಞಾನವನ್ನು ಬಸಿರಲ್ಲೇ ಕಲಿತು ಬಂದವನು. ಎದ್ದರೆ ಕೈಗಡಿಯಾರ ಎದೆಬಡಿತ ಹೇಳಬೇಕು, ಕೂತರೆ ಫೋನು ನೀರು ಕುಡಿ ಎನ್ನಬೇಕು. ಅನ್ನವನ್ನೂ ಫೋನಿಗೆ ಒಮ್ಮೆ ತೋರಿಸಿಯೇ ಉಣ್ಣುತ್ತಿದ್ದ.

ಮದುವೆಯ ದಿನ ಗೊತ್ತುಮಾಡಲು ತಾಯಿ ಮಗ ಪಾರ್ಲರಿಗೇ ಬಂದರು. ಮೂರು ಕುರ್ಚಿಯಲ್ಲಿ ಮೂವರು ಹಸಿರು ಮುಖದವರು, ಸೋಫಾದಲ್ಲಿ ನಾನು. ಕಾಫಿ ಬಂತು. ಮಾತು ಮುಗಿಯುತ್ತಾ ಬಂದಾಗ ಅವನ ಕಣ್ಣು ಕನ್ನಡಿಯ ಮೇಲೆ ಬಿತ್ತು.

"ಇದರ ಬಗ್ಗೆ ಓದಿದ್ದೀನಿ. ಲಕ್ಷಗಟ್ಟಲೆ ಮುಖ ನೋಡಿ ಕಲಿತಿರುತ್ತೆ ಇದು" ಎಂದ. "ಇವಳನ್ನೊಂದ್ಸಲ ನಿಲ್ಲಿಸಿ ನೋಡೋಣ. ಮುಂದೆ ಹೇಗಿರ್ತಾಳೆ ಅಂತ ನಂಗೂ ಗೊತ್ತಾಗಲಿ."

"ಬೇಡ ಬಿಡಿ. ಅದೆಲ್ಲ ಗಿರಾಕಿಗಳಿಗೆ" ಎಂದಳು ತಂಗಿ.

"ಯಾಕಮ್ಮ, ಹೆದರಿಕೇನಾ?" ಎಂದಳು ಅವನ ತಾಯಿ.

ಭಾವೀ ಅತ್ತೆ ಹಾಗೆಂದ ಮೇಲೆ ನಿಲ್ಲದೆ ಆಗುತ್ತದೆಯೇ. ನಿಂತಳು. "ದಯವಿಟ್ಟು ಅಲ್ಲಾಡಬೇಡಿ" ಎಂದಿತು ಕನ್ನಡಿ. ತಿರುಪು ಬೆಳಗಿನಿಂದ ಕೆಟ್ಟ ತುದಿಯಲ್ಲೇ ಇತ್ತು.

ಅಯ್ಯೋ, ಆ ಮುಖವನ್ನು ಹೇಗೆ ಹೇಳಲಿ. ಕೆನ್ನೆ ಜೋತು ಗದ್ದ ದಾಟಿತ್ತು. ಕಣ್ಣ ಕೆಳಗೆ ಒಂದೊಂದು ಸೇರು ಹಿಡಿಯುವ ಚೀಲ. ಬಂಗಿನ ಕಪ್ಪು ಕಲೆ ಅಂದರೆ ಹಣೆಯ ಮೇಲೆ ಒಂದು ದೇಶದ ನಕ್ಷೆ. ನನ್ನನ್ನು ಅವಳ ಪಕ್ಕ ನಿಲ್ಲಿಸಿದ್ದರೆ ನನಗೆ ಗಂಡು ಬರುತ್ತಿತ್ತು.

ಅವನು ಕಾಫಿ ಲೋಟ ಕೆಳಗಿಟ್ಟ. ತಾಯಿ ಮಗ ಮುಖ ಮುಖ ನೋಡಿಕೊಂಡರು.

"ಅಕ್ಕ, ಇದನ್ನ ಸರಿಯಾಗಿ ಹೇಳು" ಎಂದಳು ತಂಗಿ. ದನಿ ಸಣ್ಣಗಿತ್ತು.

ಅಕ್ಕ ಬಾಯಿ ತೆರೆದಳು. ಮೂರು ಹಸಿರು ಮುಖಗಳು ಅವಳ ಕಡೆ ತಿರುಗಿದವು. ಮೂವರ ಮಡಿಲಲ್ಲೂ ಅವತ್ತು ಕೊಂಡ ಡಬ್ಬಿಗಳಿದ್ದವು. ತಿರುಪಿನ ಗುಟ್ಟು ಹೇಳಿದರೆ ತಂಗಿಯ ಮದುವೆ ಉಳಿಯುತ್ತದೆ, ಪಾರ್ಲರ್ ಮುಚ್ಚುತ್ತದೆ. ಬಾಯಲ್ಲಿ ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ನಾನು ಸೋಫಾದ ಅಂಚಿಗೆ ಬಂದು ಕೂತೆ. ಇಂಥದ್ದು ನೋಡಲು ಟಿಕೆಟ್ ತೆಗೆದುಕೊಂಡರೂ ಸಿಗುವುದಿಲ್ಲ.

ಅಕ್ಕ ನುಂಗಿದಳು.

"ಹೇಳೋದೇನಿದೆ. ಕನ್ನಡಿ ತೋರಿಸಿದ್ದು ಕಣ್ಣ ಮುಂದೇನೇ ಇದೆಯಲ್ಲ. ಇವಳು ಮುಖಕ್ಕೆ ಏನೂ ಹಚ್ಚಲ್ಲ, ಎಷ್ಟು ಹೇಳಿದ್ರೂ ಕೇಳಲ್ಲ" ಎಂದಳು. ಹೇಳಿ ಬಾಚಣಿಗೆಯಲ್ಲಿ ಸಿಕ್ಕಿಕೊಂಡ ಕೂದಲು ತೆಗೆಯಲು ಶುರುಮಾಡಿದಳು.

ತಂಗಿ ಅಕ್ಕನನ್ನು ನೋಡುತ್ತ ನಿಂತಿದ್ದಳು. ಪಕ್ಕದಲ್ಲಿ ಅವಳ ಮುದಿ ಮುಖವೂ ಅಕ್ಕನನ್ನೇ ನೋಡುತ್ತಿತ್ತು.

"ಬೇಜಾರು ಮಾಡ್ಕೋಬೇಡ. ಇನ್ನೊಂದ್ಸಲ ಯೋಚನೆ ಮಾಡ್ತೀನಿ" ಎಂದ ಅವನು. "ನಾನು ಬೇರೆಯವರ ಥರ ಶಾಸ್ತ್ರ, ಶಕುನ ಅನ್ನೋನಲ್ಲ. ಆದ್ರೆ ವಿಜ್ಞಾನ ಸುಳ್ಳು ಹೇಳಲ್ವಲ್ಲ. ನಂದು ಮುಖಕ್ಕೆ ಸಂಬಂಧಪಟ್ಟ ವ್ಯಾಪಾರ. ಗಲ್ಲಾ ಪಕ್ಕ ಕೂತಿರೋರನ್ನ ಜನ ನೋಡ್ತಾರೆ."

"ಅದೂ ಸರೀನೇ" ಎಂದಳು ತಂಗಿ.

ಅವಳು ಅಳುತ್ತಾಳೆ ಎಂದು ನಾನು ಕಾದೆ. ಬ್ಯಾಂಕಿನಾಕೆಯಂತೂ ಸರಿಯಾಗಿ ನೋಡಲು ಕಣ್ಣ ಮೇಲಿನ ಸೌತೆಕಾಯಿ ತೆಗೆದು ತಿಂದೇಬಿಟ್ಟಳು. ತಂಗಿ ಅಳಲಿಲ್ಲ. ಕಪಾಟಿನ ಹತ್ತಿರ ಹೋದಳು.

"ಇಲ್ಲಿ ತನಕ ಬಂದಿದ್ದೀರಿ. ನೀವೂ ಒಂದ್ಸಲ ನೋಡ್ಕೊಂಡು ಹೋಗಿ" ಎಂದಳು. "ಮುಖದ ಮೇಲೆ ಧೂಳಿದೆ. ಬನ್ನಿ, ಒರೆಸ್ತೀನಿ."

ಮುಖ ಒರೆಸುವ ನೀರಿನ ಬಾಟಲಿ ಮೇಲಿನ ಹಲಗೆಯಲ್ಲಿರುತ್ತದೆ. ಅವಳ ಕೈ ಕೆಳಗಿನ ಹಲಗೆಗೆ ಹೋಯಿತು. ಮಸಾಜಿನ ಜೆಲ್ ನೀರಿನ ಹಾಗೇ ಇರುತ್ತದೆ, ಹಚ್ಚಿದ್ದು ಹಚ್ಚಿಸಿಕೊಂಡವನಿಗೂ ಗೊತ್ತಾಗುವುದಿಲ್ಲ. ಹಣೆ, ಮೂಗು, ಎರಡೂ ಕೆನ್ನೆ, ಮೆತ್ತಗೆ ಸವರಿದಳು. ಕಿವಿಗೆ ನೋವಾಗದ ಹಾಗೆ ಕನ್ನಡಕ ತೆಗೆದಿಟ್ಟಳು. ಅಕ್ಕ ಬಾಟಲಿ ನೋಡಿದಳು. ಹಿಡಿದ ಬಾಚಣಿಗೆ ಹಾಗೇ ನಿಂತಿತು.

ಅವನು ಎದೆಯುಬ್ಬಿಸಿ ನಿಂತ.

"ದಯವಿಟ್ಟು ಅಲ್ಲಾಡಬೇಡಿ" ಎಂದಿತು ಕನ್ನಡಿ. ಬೂದಿ ಬಣ್ಣ ತಿರುಗಿತು. ಆಮೇಲೆ ಅದೇ ಸಮಾಧಾನದ ದನಿಯಲ್ಲಿ, "ಕ್ಷಮಿಸಿ. ನಿಮ್ಮ ಮುಖ ಸಿಗಲಿಲ್ಲ" ಎಂದಿತು.

ಅವನು ಕನ್ನಡಿಯ ಹತ್ತಿರಕ್ಕೆ ಬಾಗಿದ.

"ಅಂದ್ರೆ?" ಎಂದ.

"ಇಪ್ಪತ್ತು ವರ್ಷ ಆದ ಮೇಲಿನ ನಿಮ್ಮನ್ನ ಹುಡುಕ್ತು. ಸಿಗಲಿಲ್ವಂತೆ" ಎಂದಳು ತಂಗಿ.

ಇನ್ನೊಮ್ಮೆ ನಿಂತ. ಮತ್ತೆ ಬೂದಿ, ಮತ್ತೆ ಕ್ಷಮಿಸಿ. ಅವನ ತಾಯಿ ಗೋಡೆ ಹಿಡಿದುಕೊಂಡು ಕೆಳಗೆ ಕೂತಳು.

"ಕೆಟ್ಟಿರಬೇಕು ಇದು" ಎಂದ.

ಆಗ ಟೀಚರಮ್ಮನಿಗೆ ಮೈಯೆಲ್ಲಾ ಬುದ್ಧಿ ಬಂತು. "ಕೆಟ್ಟಿದ್ರೆ ಅವಳದ್ದು ಹೇಗೆ ತೋರಿಸ್ತು? ಅಜ್ಜಿ, ನೀವೊಂದ್ಸಲ ನಿಂತ್ಕೊಳ್ಳಿ."

ಕರೆದ ಮೇಲೆ ಹೋಗದೆ ಇರಲು ನನಗೇನು ಹುಚ್ಚೇ. ನಿಂತೆ. ಪುಣ್ಯಾತ್ಮ ಕನ್ನಡಿ ನನ್ನ ಸುಕ್ಕು, ನರೆ, ಬೊಚ್ಚು ಬಾಯಿ ಎಲ್ಲ ಲೆಕ್ಕ ತಪ್ಪದೆ ತೋರಿಸಿತು.

"ನೋಡಪ್ಪ, ನಾನಿದ್ದೀನಿ" ಎಂದೆ. "ನಿನ್ನ ಅಂಗಡಿಯಲ್ಲೇ ಕನ್ನಡಕ ತಗೊಳ್ಳೋಣ ಅಂತಿದ್ದೆ. ಬೇಗ ಬಂದುಬಿಡ್ತೀನಿ ಹಾಗಾದ್ರೆ."

ಅಕ್ಕ ಒಂದು ಹತ್ತಿಯ ಉಂಡೆ ತೆಗೆದು ಅವನ ಮುಖ ಒರೆಸಿದ್ದರೆ ಮುಗಿಯುತ್ತಿತ್ತು. ಒರೆಸಲಿಲ್ಲ. ಒರೆಸಿದರೆ ಯಾಕೆ ಒರೆಸಿದೆ ಎಂದು ಹೇಳಬೇಕು. ಅದನ್ನು ಹೇಳಿದರೆ ತಿರುಪಿನ ತನಕ ಹೇಳಬೇಕು.

ಆಮೇಲಿನದ್ದು ಊರಿಗೆಲ್ಲ ಗೊತ್ತು. ಅವನು ಹತ್ತದ ಆಸ್ಪತ್ರೆ ಮೆಟ್ಟಿಲಿಲ್ಲ. ಎಲ್ಲ ಕಡೆ ಏನೂ ಇಲ್ಲ, ಕಲ್ಲುಗುಂಡಿನ ಹಾಗಿದ್ದೀಯ ಎಂದರು. ಕಾಯಿಲೆ ಇಲ್ಲ ಎಂದರೆ ಅಪಘಾತವೇ ಇರಬೇಕು ಎಂದು ತೀರ್ಮಾನಿಸಿ ಸ್ಕೂಟರ್ ಮಾರಿದ. ಗೋಡೆ ಸವರಿಕೊಂಡು ನಡೆಯತೊಡಗಿದ. ಹೂಕುಂಡ ಇರುವ ಮಹಡಿ ಕಂಡರೆ ರಸ್ತೆ ದಾಟುತ್ತಿದ್ದ, ದಾಟುವಾಗ ಲಾರಿ ಕಂಡರೆ ವಾಪಸು ಬರುತ್ತಿದ್ದ. ಹೀಗೆ ಮನೆಯಿಂದ ಅಂಗಡಿ ತಲುಪುವಷ್ಟರಲ್ಲಿ ಮಧ್ಯಾಹ್ನ. ಗಿರಾಕಿಗೆ ಕನ್ನಡಕ ತೊಡಿಸುವಾಗ ತಲೆ ಮೇಲಿನ ಫ್ಯಾನನ್ನೇ ನೋಡುತ್ತ ಕಿವಿಗೆ ಚುಚ್ಚುತ್ತಿದ್ದನಂತೆ.

ಸ್ವಲ್ಪ ದಿನ ಬಿಟ್ಟು ಅವನ ತಾಯಿ ಒಬ್ಬಳೇ ಬಂದಳು. ತಂಗಿಯ ಕೈ ಹಿಡಿದುಕೊಂಡಳು.

"ಮದುವೆ ಬೇಗ ಮಾಡಿಬಿಡೋಣ ಕಣಮ್ಮ. ಇರೋಷ್ಟು ದಿನ ಅವನನ್ನ ನೋಡ್ಕೊಳ್ಳೋಕೆ ಒಬ್ರು ಬೇಕಲ್ಲ. ನಿನ್ನ ಮುಖ ಮುಂದೆ ಹೇಗಾದ್ರೂ ಆಗ್ಲಿ, ನೋಡೋಕೆ ಅವನೇ ಇರಲ್ಲ."

ತಂಗಿಗೆ ಆಗಲೂ ಅವನ ಮೇಲೆ ಆಸೆ ಇತ್ತು. ಅವನ ಅಂಗಡಿ ಕಡೆಗಿನ ಪರದೆಯನ್ನು ಅವಳು ಒಂದು ದಿನವೂ ಎಳೆದಿರಲಿಲ್ಲ. ಹೂಂ ಎಂದು ಒಂದು ಮಾತು ಹೇಳಿದ್ದರೆ ಬೆನ್ನಿರುವ ಕುರ್ಚಿ ಅವಳದಾಗುತ್ತಿತ್ತು. ಅವಳು ಅಕ್ಕನ ಕಡೆ ನೋಡಿದಳು. ಅಕ್ಕ ಬಾಚಣಿಗೆಯ ಕೂದಲು ತೆಗೆಯುತ್ತಿದ್ದಳು.

"ಅಲ್ಲ ಅತ್ತೆ" ಎಂದಳು ತಂಗಿ, ಬಹಳ ವಿನಯದಿಂದ. "ಆಗ ನನ್ನ ಮುಖ ನೋಡಿದ್ದೀರಲ್ಲ. ಆ ಅವಸ್ಥೆಯಲ್ಲಿ ನನ್ನ ನೋಡ್ಕೊಳ್ಳೋಕೆ ಒಬ್ರು ಬೇಡವಾ? ನಿಮ್ಮ ಮಗನ್ನ ಕಟ್ಕೊಂಡು ಏನು ಮಾಡಲಿ. ಅವರ ಮುಖಾನೇ ಸಿಗ್ತಿಲ್ಲ."

ಆ ತಾಯಿ ಎದ್ದು ಹೋದಳು. ಚಪ್ಪಲಿ ಬಿಟ್ಟೇ ಹೋದಳು.

ಪಾರ್ಲರಿಗೆ ಮಾತ್ರ ಸುಗ್ಗಿ. ಸಾಯುವವರನ್ನು ಹೇಳುವ ಕನ್ನಡಿ ಎಂದು ಹೆಸರಾಯಿತು. ಗಂಡಸರೂ ಬಂದರು. ಸಾಲಿನಲ್ಲಿ ನಿಂತು, ತಮ್ಮ ಹಾಳು ಮುಖ ಕಂಡ ಕೂಡಲೇ ಕೈಮುಗಿದು ಡಬ್ಬಿ ಕೊಂಡು ಹೋಗುತ್ತಿದ್ದರು. ತಂಗಿಯನ್ನು ಮದುವೆಗೆ ಕೇಳಿಕೊಂಡು ಮಾತ್ರ ಯಾರೂ ಬರಲಿಲ್ಲ. ಅವಳ ಇಪ್ಪತ್ತು ವರ್ಷ ಮುಂದಿನ ಮುಖವನ್ನು ನೋಡದವರೂ ನೋಡಿದಂತೆ ಹೇಳುತ್ತಿದ್ದರು. ಅವಳು ಸ್ಟೂಲಿಗೆ ವಾಪಸಾದಳು. ಅಕ್ಕನ ಜೊತೆ ಮಾತು ಬಿಟ್ಟಳು. ಬೇಕಾದ್ದನ್ನು ನನ್ನ ಮೂಲಕ ಹೇಳಿಸುತ್ತಿದ್ದಳು. ನಾನು ದಾರಿಯಲ್ಲಿ ಸ್ವಲ್ಪ ಖಾರ ಸೇರಿಸಿ ತಲುಪಿಸುತ್ತಿದ್ದೆ.

ಒಂದು ಸಂಜೆ ಗಿರಾಕಿಗಳೆಲ್ಲ ಹೋಗಿದ್ದರು. ಅಕ್ಕ ದಣಿದು ತನ್ನ ಮುಖಕ್ಕೆ ತಾನೇ ಮಸಾಜ್ ಮಾಡಿಕೊಂಡಳು. ಹಾಗೇ ಟವೆಲು ತೆಗೆದುಕೊಳ್ಳಲು ಕನ್ನಡಿಯ ಮುಂದೆ ಹಾದಳು.

"ದಯವಿಟ್ಟು ಅಲ್ಲಾಡಬೇಡಿ."

ಅಭ್ಯಾಸಬಲ, ನಿಂತಳು. ಬೂದಿ ಬಣ್ಣ ತಿರುಗಿತು.

"ಕ್ಷಮಿಸಿ. ನಿಮ್ಮ ಮುಖ ಸಿಗಲಿಲ್ಲ."

ಯಾಕೆ ಸಿಗಲಿಲ್ಲ ಎಂದು ಆ ಬೀದಿಯಲ್ಲಿ ಅವಳಿಗಿಂತ ಚೆನ್ನಾಗಿ ತಿಳಿದವರಿಲ್ಲ. ಜೆಲ್ಲಿನ ಬಾಟಲಿ ಇನ್ನೂ ಕೈಯಲ್ಲೇ ಇತ್ತು. ಆದರೂ ಟವೆಲಿನಲ್ಲಿ ಮುಖ ಉಜ್ಜಿದಳು. ಚರ್ಮ ಕೆಂಪಾಗುವ ಹಾಗೆ ಉಜ್ಜಿದಳು. ಮತ್ತೆ ನಿಂತಳು. ಅವಸರದಲ್ಲಿ ಉಜ್ಜಿದ್ದು ಜಿಡ್ಡಿನ ಟವೆಲು.

"ಕ್ಷಮಿಸಿ" ಎಂದಿತು ಕನ್ನಡಿ.

"ಬಾರೇ ಇಲ್ಲಿ" ಎಂದು ಅಕ್ಕ ತಂಗಿಯನ್ನು ಕರೆದಳು. "ಜೆಲ್ ಹಚ್ಚಿದ್ದಕ್ಕೇ ಅಲ್ವೇನೇ? ಅಷ್ಟೇ ತಾನೆ? ಹೇಳೇ ಒಂದ್ಸಲ."

ತಂಗಿ ಉಗುರಿನ ಬಣ್ಣದ ಶೀಶೆಗಳನ್ನು ಒಂದೊಂದಾಗಿ ಮುಚ್ಚಿದಳು. ಸ್ಟೂಲನ್ನು ಗೋಡೆಗೆ ಸರಿಸಿದಳು. ಎಷ್ಟೋ ದಿನದ ಮೇಲೆ ಅಕ್ಕನ ಮುಖ ನೋಡಿ ಮಾತಾಡಿದಳು.

"ಹೇಳೋದೇನಿದೆ ಅಕ್ಕ. ಕಣ್ಣ ಮುಂದೇನೇ ಇದೆಯಲ್ಲ."

ದೀಪ ಆರಿಸಿ ಹೊರಗೆ ಹೋದಳು. ಕತ್ತಲಲ್ಲಿ ಕನ್ನಡಿ ಇನ್ನೊಮ್ಮೆ ಕ್ಷಮೆ ಕೇಳಿತು. ನಾನು ಸೋಫಾದ ನನ್ನ ಗುಂಡಿಯಿಂದ ಎದ್ದು, ಮೆಟ್ಟಿಲು ಹತ್ತಿ ಮಲಗಲು ಹೋದೆ. ಅವತ್ತು ಒಳ್ಳೆ ನಿದ್ದೆ ಬಂತು.