ರೇಡಿಯೊ ಯಾದಿರಾ

ದೊಮಿತಿಲಜ್ಜಿಯ ಎರಡೂ ಕಣ್ಣು ಹೋಗಿ ಒಂಬತ್ತು ವರ್ಷವಾಗಿತ್ತು. ಆದರೂ ಚೋತಾ ಕಣಿವೆಯಲ್ಲಿ ನಡೆದ ಒಂದೇ ಒಂದು ಫುಟ್‌ಬಾಲ್ ಪಂದ್ಯವನ್ನೂ ಅವಳು ತಪ್ಪಿಸಿಕೊಂಡಿರಲಿಲ್ಲ. ಸಕ್ಕರೆ ಕಾಯಿಲೆ ಅವಳ ಕಣ್ಣು ನುಂಗಿದ ವರ್ಷ ಮೊಮ್ಮಗಳು ಯಾದಿರಾಗೆ ನಾಲ್ಕು ತುಂಬಿತ್ತು. ಮಗುವನ್ನು ಮೈದಾನದ ಬದಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, "ಏನಾಗ್ತಿದೆ ಹೇಳೇ" ಎಂದು ಅಜ್ಜಿ ಶುರುಮಾಡಿದಳು.

"ಚೆಂಡು ಅಲ್ಲಿಗೆ ಹೋಯ್ತು."

"ಅಲ್ಲಿ ಅಂದ್ರೆ ಎಲ್ಲಿ? ನನ್ನ ತಲೆ ಮೇಲಾ?"

ಹೀಗೆ ಬೈಸಿಕೊಂಡು ಬೈಸಿಕೊಂಡೇ ಯಾದಿರಾ ರೇಡಿಯೊದವರ ಹಾಗೆ ಗಂಟಲು ಏರಿಸಿ ಇಳಿಸಿ ಇಡೀ ಪಂದ್ಯ ಹೇಳುವುದನ್ನು ಕಲಿತಳು. ಆಮೇಲೆ ತಾನೇ ಆಡತೊಡಗಿದಳು, ಆದರೆ ಬಾಯಿ ನಿಲ್ಲಲಿಲ್ಲ. ಓಡುತ್ತ, ಒದೆಯುತ್ತ, ಏದುಸಿರು ಬಿಡುತ್ತ, ಬೇಲಿಯಾಚೆ ಕೂತ ಅಜ್ಜಿಗೆ ಕೇಳುವಂತೆ ಆಟ ಹೇಳುತ್ತಿದ್ದಳು. ಕಣಿವೆಯವರು ಅವಳಿಗೆ ರೇಡಿಯೊ ಎಂದೇ ಹೆಸರಿಟ್ಟರು. ತಾಯಿ ದೂರದ ಗ್ವಾಯಾಕಿಲ್‌ನಲ್ಲಿ ಸಿಗಡಿ ಸುಲಿಯುವ ಕೆಲಸಕ್ಕಿದ್ದಳು. ಹುಡುಗಿಯ ಊಟ, ಓದು, ಬೈಗುಳ ಎಲ್ಲ ಅಜ್ಜಿಯ ಪಾಲಿಗೇ ಬಂದಿತ್ತು.

ಆ ಶನಿವಾರ ರಾಜಧಾನಿ ಕೀತೋದ ಕ್ಲಬ್ಬೊಂದರಿಂದ ಎರಾಸೊ ಎಂಬ ತರಬೇತುದಾರ ಊರಿನ ಮೈದಾನಕ್ಕೆ ಬಂದಿದ್ದ. ನಲವತ್ತು ಹುಡುಗಿಯರು ಸೇರಿದ್ದರು. ಅವರಲ್ಲಿ ಇಬ್ಬರನ್ನು ಆರಿಸಿ ಕ್ಲಬ್ಬಿನ ಶಾಲೆಗೆ ಸೇರಿಸುತ್ತಾನಂತೆ. ಊಟ, ವಸತಿ, ಓದು, ಆಟ ಎಲ್ಲ ಅಲ್ಲೇ. ಹದಿಮೂರರ ಯಾದಿರಾ ಮೂರು ವಾರದಿಂದ ನಿದ್ದೆಯಲ್ಲೂ ಅದನ್ನೇ ಬಡಬಡಿಸುತ್ತಿದ್ದಳು.

ಮೊದಲು ಓಟ. ಮುಗಿದ ಮೇಲೆ ಬೇಲಿಯ ಹತ್ತಿರ ಬಂದು ನಿಂತಳು.

"ಇಪ್ಪತ್ತೊಂಬತ್ತನೆಯವಳು, ಅಜ್ಜಿ."

"ನಲವತ್ತರಲ್ಲಾ?"

"ಹೂಂ. ಮೂವತ್ತನೆಯವಳು ಮಧ್ಯ ಎಡವಿ ಬಿದ್ದಿದ್ಳು."

"ಪುಣ್ಯಾತ್ಗಿತ್ತಿ. ಹೋಗು, ಇನ್ನೂ ಚೆಂಡಿನ ಆಟ ಇದೆಯಲ್ಲ."

ಕೆಂಪು ಅಂಗಿಯವರು, ಹಳದಿ ಅಂಗಿಯವರು ಎಂದು ಎರಡು ತಂಡವಾಯಿತು. ಯಾದಿರಾ ಕೆಂಪಿಗೆ ಬಿದ್ದಳು. ಸೀಟಿ ಊದಿ ನಿಮಿಷವಾಗಿರಲಿಲ್ಲ, ರೇಡಿಯೊ ಶುರುವಾಯಿತು: "ಚೆಂಡು ನಡುಗೆರೆಯಲ್ಲಿ, ಗಾಳಿ ನದಿ ಕಡೆಯಿಂದ, ನಮಸ್ಕಾರ ಕೇಳುಗರೇ..."

ಸೀಟಿ ಮತ್ತೆ ಕೂಗಿತು. "ಏಯ್ ಹುಡುಗಿ, ಆಡೋಕೆ ಬಂದಿದ್ದೀಯೋ ನಾಟಕಕ್ಕೋ? ಆ ರೇಡಿಯೊ ಬಂದ್ ಮಾಡು!" ಎಂದ ಎರಾಸೊ. ಹುಡುಗಿಯರೆಲ್ಲ ಘೊಳ್ಳೆಂದು ನಕ್ಕರು. ಯಾದಿರಾಳ ಬಾಯಿ ಮುಚ್ಚಿತು.

ಅಜ್ಜಿಯ ಪಾಲಿಗೆ ಮೈದಾನವೇ ಮಾಯವಾಯಿತು. ಕಾಲುಗಳ ದಡದಡ, ಚೆಂಡಿನ ದಪ್ ಸದ್ದು, ಯಾರದೋ ಕೆಮ್ಮು, ಅಷ್ಟೇ. ಪಕ್ಕದಲ್ಲಿ ನೆರೆಮನೆಯ ರೋಸೆಂದಾ ಉಪ್ಪು ಸವರಿದ ಅಮಟೆ ಹಣ್ಣು ಚೀಪುತ್ತ ಕೂತಿದ್ದಳು.

"ಏನಾಗ್ತಿದೆಯೇ, ರೋಸೆಂದಾ?"

"ಅದೋ... ಹೋಯ್ತು... ಅಯ್ಯೋ! ಇಲ್ಲ ಬಿಡು."

"ಏನು ಹೋಯ್ತು? ಯಾವುದು ಬಿಡಲಿ?"

"ಹಳದಿಯವರು ಗೋಲು ಹೊಡೆದ್ರು, ದೊಮಿತಿಲಾ."

"ನಮ್ಮ ಹುಡುಗಿ?"

"ನಿಂತಿದ್ದಾಳೆ. ಚೆಂಡು ಬಂದಾಗ ಬೆಚ್ಚಿ ಬೀಳ್ತಾಳೆ, ಹೋದ ಮೇಲೆ ಓಡ್ತಾಳೆ."

ಸ್ವಲ್ಪ ಹೊತ್ತಿಗೆ ಇನ್ನೊಂದು ಗೋಲಾಯಿತು. ಎಲ್ಲ ನನ್ನಿಂದಲೇ ಆದದ್ದು, ನನ್ನ ಕುರುಡನ್ನು ಮಗುವಿನ ಬಾಯಿಗೆ ಅಂಟಿಸಿಬಿಟ್ಟೆ, ಬೇರೆ ಮಕ್ಕಳು ಬಾಯಿ ಮುಚ್ಚಿ ಆಡುವುದನ್ನು ಕಲಿತಾಗ ಇವಳು ನನಗೆ ಕತೆ ಹೇಳುತ್ತ ಕೂತಳು ಎಂದು ಅಜ್ಜಿ ತನ್ನನ್ನೇ ಶಪಿಸಿಕೊಂಡಳು. ಹಾಗೆ ಎಷ್ಟು ಹೊತ್ತು ಶಪಿಸಿಕೊಂಡು ಕೂತಾಳು? ಸುಮ್ಮನಿರುವುದು ಅವಳ ಜಾಯಮಾನಕ್ಕೇ ಒಗ್ಗದ ಕೆಲಸ. ಎದ್ದು ನಿಂತು ಬೇಲಿ ಹಿಡಿದು ಅಲುಗಾಡಿಸಿದಳು.

"ಯಾದಿರಾ! ಕಣ್ಣಂತೂ ಇಲ್ಲ, ಈಗ ಕಿವಿನೂ ಕಿತ್ಕೊಂಡ್ಯೇನೇ? ಏನಾಗ್ತಿದೆ ಹೇಳೇ ನನಗೆ!"

ಭಾರವಾದ ಹೆಜ್ಜೆಯ ಬೂಟುಗಳು ಅವಳತ್ತ ಬಂದವು. "ಅಜ್ಜೀ, ಹೊರಗಿನವರು ಕೂಗಬಾರದು."

"ಹೊರಗಿನವಳು ನಾನಲ್ಲ, ನೀವು. ನಾನು ಈ ಬೇಲಿ ಹಾಕೋಕೆ ಮುಂಚೆಯಿಂದ ಇಲ್ಲಿದ್ದೀನಿ, ಮೇಷ್ಟ್ರೇ."

ಬೂಟುಗಳು ಕದಲಲಿಲ್ಲ. ಅಷ್ಟರಲ್ಲಿ ಮೈದಾನದ ಆ ತುದಿಯಿಂದ ಸಣ್ಣದಾಗಿ, ಹೆದರಿ ಹೆದರಿ, ದನಿ ಬಂತು. "ಚೆಂಡು ಕೆಂಪಿನ ಬಳಿ... ಎಡಕ್ಕೆ ಗುಂಗುರು ಕೂದಲು, ಬಲಕ್ಕೆ ಉದ್ದಕಾಲು, ಬಲ ಮೂಲೆಯಲ್ಲಿ ಎರಡು ಜಡೆ..." ಹೆಸರು ಗೊತ್ತಿಲ್ಲದ ಹುಡುಗಿಯರಿಗೆಲ್ಲ ಅವಳು ನಿಂತ ನಿಲುವಿನಲ್ಲೇ ಹೆಸರಿಟ್ಟಿದ್ದಳು. ದನಿ ನಿಧಾನವಾಗಿ ದಪ್ಪವಾಯಿತು, ವೇಗವಾಯಿತು. "ಹಳದಿಯ ಇಬ್ಬರು ನನ್ನ ಮೇಲೇ ಬಂದ್ರು, ಗುಂಗುರು ಕೂದಲಿಗೆ ಕೊಟ್ಟೆ, ಗುಂಗುರು ತಿರುಗಿದಳು, ಭಲೇ ಗುಂಗುರು!"

ಅಜ್ಜಿ ಬೇಲಿ ಬಿಟ್ಟು ಕೂತಳು. ಅವಳ ಕತ್ತಲೆಯಲ್ಲಿ ಮೈದಾನ ಮತ್ತೆ ಬಂದು ನಿಂತಿತು, ಗೆರೆಗಳ ಸಮೇತ.

ಎರಾಸೊ ಸೀಟಿಯನ್ನು ಬಾಯಿಗಿಟ್ಟದ್ದು ಅವಳಿಗೆ ಉಸಿರಿನ ಸದ್ದಿನಿಂದ ಗೊತ್ತಾಯಿತು. ಅವನು ಊದುವ ಮೊದಲೇ ಅವಳು ಗೊಣಗಿದಳು. "ಎರಡು ಜಡೆಯವಳು ಪಾಪ ಬಲಗಡೆ ಮೂಲೇಲಿ ಒಬ್ಬಳೇ ಕಾಯ್ತಿದ್ದಾಳೆ. ಒಬ್ಬರಾದ್ರೂ ಅವಳ ಕಡೆ ನೋಡಬಾರದಾ?"

ಸೀಟಿ ಊದಲೇ ಇಲ್ಲ.

"ಅಜ್ಜೀ, ನಿಮಗೆ ಕಣ್ಣು ಕಾಣುತ್ತಾ?"

"ಕಂಡಿದ್ರೆ ಅವಳನ್ನ ಯಾಕೆ ಕೂಗ್ತಿದ್ದೆ?"

ಮುಖದ ಮುಂದೆ ಗಾಳಿ ಆಡಿತು.

"ಕೈ ಬೀಸಬೇಡಿ ಮೇಷ್ಟ್ರೇ, ಧೂಳು ಬರುತ್ತೆ. ಕೂತ್ಕೊಳಿ."

ಕೀತೋದ ದೊಡ್ಡ ಮನುಷ್ಯ ತೆಪ್ಪಗೆ ಅವಳ ಪಕ್ಕದ ಕಲ್ಲಿನ ಮೇಲೆ ಕೂತ. "ಹಳದಿಯ ಮೂರನೇ ನಂಬರಿನವಳು ಎಲ್ಲಿದ್ದಾಳೆ ಹೇಳಿ ನೋಡೋಣ."

"ನಂಬರು ಗೊತ್ತಿಲ್ಲ. ಕುಂಟುತ್ತಿರೋ ಒಬ್ಬಳು ನಡುಗೆರೆ ಹತ್ತಿರ ಇದ್ದಾಳೆ. ಉದ್ದಕಾಲು ಅವಳನ್ನ ದಾಟಿ ಹೋದಳು. ಹಳದಿಯ ಗೋಲ್‌ಕೀಪರು, ಮನೆ ಬಾಗಿಲು ತೆಗೆದಿಟ್ಟು ಸಂತೆಗೆ ಬಂದವಳ ಹಾಗೆ ಮುಂದೆ ಬಂದು ನಿಂತಿದ್ದಾಳೆ."

"ಇವಳು ಹೀಗೆ ಸಾರಿ ಸಾರಿ ಹೇಳಿದ್ರೆ ಎದುರಾಳಿಗೂ ಕೇಳಿಸುತ್ತಲ್ಲ?"

"ಕೇಳಲಿ. ಅವರು ಕೇಳಿಸಿಕೊಳ್ಳೋ ಹೊತ್ತಿಗೆ ನಮ್ಮ ಹುಡುಗಿ ಮುಂದಿನ ಸುದ್ದಿಗೆ ಹೋಗಿರ್ತಾಳೆ. ಶ್, ಸುಮ್ಮನಿರಿ ಸ್ವಲ್ಪ!"

ಮೈದಾನದಲ್ಲಿ ಯಾದಿರಾ ಕಿರುಚುತ್ತಿದ್ದಳು. "ನಾನು ಮೆಲ್ಲಗೆ, ನನ್ನ ಹಿಂದೆ ಕುಂಟಿ, ಅವಳೇ ನನಗಿಂತ ಜೋರು! ಮೂಲೆಯಲ್ಲಿ ಎರಡು ಜಡೆ, ಕೇಳುಗರೇ, ಎರಡು ಜಡೆಗೆ ಚೆಂಡು ಹೊರಟಿತು, ಹೊರಟಿತು, ಇಳೀತು..." ಚೆಂಡನ್ನು ಒದ್ದ ಗಟ್ಟಿ ಸದ್ದು. ಹಿಂದೆಯೇ ಬಲೆಯ ಸರಕ್. ಊರೇ ಎದ್ದು ಕೂಗಿತು. ಗೋಲು ಎಂಬ ಕೂಗನ್ನು ಯಾದಿರಾ ಎಷ್ಟು ಎಳೆದಳೆಂದರೆ, ಹೊಡೆದ ಹುಡುಗಿ ಕುಣಿದು ದಣಿದು ನಿಂತರೂ ಅದು ಮುಗಿದಿರಲಿಲ್ಲ. ರೋಸೆಂದಾ ಅಮಟೆ ಬೀಜ ನುಂಗಿಬಿಟ್ಟಳು.

ಆಮೇಲೆ ಕೆಂಪಿನ ಹುಡುಗಿಯರು ರೇಡಿಯೊ ಕೇಳಿಕೊಂಡೇ ಓಡತೊಡಗಿದರು. "ಗುಂಗುರು, ನಿನ್ನ ಬೆನ್ನ ಹಿಂದೆ ಒಬ್ಬಳು" ಎಂದರೆ ಗುಂಗುರು ಕೂದಲಿನವಳು ತಿರುಗುವಳು. "ಉದ್ದಕಾಲಿಗೆ ಜಾಗ ಇದೆ" ಎಂದರೆ ಉದ್ದಕಾಲು ಅಲ್ಲಿ ಹಾಜರು. ಪಂದ್ಯ ಮುಗಿದಾಗ ಮೂರು ಎರಡು, ಕೆಂಪು ಗೆದ್ದಿತ್ತು. ಯಾದಿರಾ ಒಂದೂ ಗೋಲು ಹೊಡೆದಿರಲಿಲ್ಲ. ಮೂರಕ್ಕೂ ಚೆಂಡು ಕೊಟ್ಟವಳು ಅವಳೇ.

ಎರಾಸೊ ಕಾಗದ ನೋಡಿ ಎರಡು ಹೆಸರು ಓದಿದ. ಮೊದಲನೆಯದು ಎಲ್ಲರಿಗಿಂತ ವೇಗವಾಗಿ ಓಡಿದ ಉದ್ದಕಾಲಿನ ಹುಡುಗಿಯದು. ಎರಡನೆಯದು ಯಾದಿರಾಳದು. ಅದನ್ನು ಓದುತ್ತಲೇ ಹುಡುಗಿ ಬೇಲಿ ಹಾರಿ ಬಂದು ಅಜ್ಜಿಯ ಮೇಲೆ ಬಿದ್ದಳು. ಬೆವರು, ಧೂಳು, ನಗು, ಅಳು ಎಲ್ಲ ಒಟ್ಟಿಗೆ.

"ಓಟ ನಾನು ಕಲಿಸ್ತೀನಿ" ಎಂದ ಎರಾಸೊ. "ಇಡೀ ಮೈದಾನವನ್ನ ತಲೆಯಲ್ಲಿ ಇಟ್ಕೊಂಡು ಆಡೋದನ್ನ ಇಪ್ಪತ್ತು ವರ್ಷದಿಂದ ಕಲಿಸೋಕೆ ನೋಡ್ತಿದ್ದೀನಿ, ಆಗ್ತಿಲ್ಲ. ನೀವು ಹೇಗೆ ಕಲಿಸಿದ್ರಿ ಅಜ್ಜಿ?"

"ಬೈದು."

"ನಿಜ ಹೇಳಿ."

"ನಿಜಾನೇ. ಚೆಂಡೊಂದನ್ನೇ ಹೇಳಿದ್ರೆ ನಂಗೆ ಸಾಲ್ತಿರಲಿಲ್ಲ. ಅವಳೆಲ್ಲಿ, ಇವಳೆಲ್ಲಿ, ಖಾಲಿ ಜಾಗ ಎಲ್ಲಿ ಅಂತ ಪ್ರಾಣ ತಿಂತಿದ್ದೆ." ಹೇಳುತ್ತ ಹೇಳುತ್ತ ಅವಳಿಗೇ ಹೊಳೆಯಿತು. ಮಗುವಿನಿಂದ ತಾನು ಬರೀ ಪಡೆದೆ ಅಂದುಕೊಂಡಿದ್ದಳು, ಕೊಟ್ಟದ್ದೂ ಇತ್ತು.

"ಸೋಮವಾರ ಕರ್ಕೊಂಡು ಹೋಗ್ತೀವಿ. ತಿಂಗಳಿಗೊಂದು ಸಲ ಮನೆಗೆ ಬರ್ತಾಳೆ. ಇಲ್ಲಿ ನಿಮ್ಮ ಸಹಿ ಬೇಕು."

ತಿಂಗಳಿಗೊಂದು ಸಲ. ಹಾಗಾದರೆ ಉಳಿದ ಭಾನುವಾರಗಳ ಪಂದ್ಯವೆಲ್ಲ ರೋಸೆಂದಾಳ "ಅದೋ, ಹೋಯ್ತು" ಪಾಲು. ಯಾದಿರಾಗೂ ಅದೇ ಹೊತ್ತಿಗೆ ಹೊಳೆದಿರಬೇಕು.

"ಅಜ್ಜಿ, ಬೇಡ ಅಂದ್ರೆ..."

"ಬಾಯಿ ಮುಚ್ಚು. ಪೆನ್ನು ಕೊಡಿ ಮೇಷ್ಟ್ರೇ. ಎಲ್ಲಿ ಹಾಕಲೇ, ಯಾದಿರಾ?"

"ಸ್ವಲ್ಪ ಮೇಲೆ. ಬಲಕ್ಕೆ. ಇನ್ನೂ ಒಂದು ಬೆರಳು ಬಲಕ್ಕೆ. ಹಾಂ, ಅಲ್ಲೇ." ಹೇಳಿದ ಜಾಗ ತಪ್ಪಲಿಲ್ಲ.

ದೊಮಿತಿಲಜ್ಜಿ ತನ್ನ ಹೆಸರನ್ನು, ತಂದೆ ತಾಯಿ ಇಬ್ಬರ ಮನೆತನದ ಹೆಸರನ್ನೂ ಸೇರಿಸಿ, ಎರಾಸೊ ಅಂಗೈ ಮೇಲೆ ಹಿಡಿದಿದ್ದ ಕಾಗದದಲ್ಲಿ ಒತ್ತಿ ಒತ್ತಿ ಬರೆಯತೊಡಗಿದಳು.

"ಅಜ್ಜಿ, ಕಾಗದ ಮುಗೀತು, ಮೇಷ್ಟ್ರ ಕೈ ಮೇಲೆ ಬರೀತಿದ್ದೀಯ!"

"ಕೈ ತೆಗೀಬೇಡಿ ಅಂತ ಹೇಳು ಅವರಿಗೆ" ಎಂದಳು ಅಜ್ಜಿ. "ಇನ್ನೂ ಮೂರು ಅಕ್ಷರ ಇದೆ."