ಮಾಸ್ಕಿಗಾಗಿ ಬೋಳಿಸಿದ ಮೀಸೆ

ಕ್ಷೌರದಂಗಡಿಯ ಮೀಸೆ ಮಾವ ಅಂದರೆ ಬೀದಿಗೆಲ್ಲ ಗೊತ್ತು. ಊರವರ ಮುಖವನ್ನೆಲ್ಲ ನುಣ್ಣಗೆ ಮಾಡಿದ ಕೈ ತನ್ನ ಮೀಸೆಯ ತಂಟೆಗೆ ಮಾತ್ರ ಹೋಗಿರಲಿಲ್ಲ. ಮದುವೆಗೂ ಮುಂಚಿನ ಮೀಸೆ ಅದು. ಹೆಂಡತಿಗಿಂತ ಸೀನಿಯರ್ ಎಂದು ಅವನೇ ಗಿರಾಕಿಗಳನ್ನು ನಗಿಸುತ್ತಿದ್ದ.

ಕಡಲಿನ ಹುಚ್ಚು ಹತ್ತಿಸಿದವನು ಹೆಂಡತಿಯ ತಮ್ಮ. ಬೆಚ್ಚನೆಯ ಕಡಲಿರುವ ದೇಶಕ್ಕೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಹವಳದ ನಡುವೆ ಮೀನುಗಳ ಜೊತೆ ಈಜೋಣ ಅಂದಿದ್ದ. "ಜೋಡಿ ಇಲ್ದೆ ನೀರಿಗೆ ಇಳಿಸಲ್ಲ ಭಾವ. ನಿಮಗೆ ನಾನು, ನನಗೆ ನೀವು." ಆ ಒಂದು ಮಾತಿಗೆ, ಬಕೆಟ್ಟಿನ ನೀರಿಗೂ ಹಿಂದೆಮುಂದೆ ನೋಡುವ ಮೀಸೆ ಮಾವ ಕಲಿಯಲು ಈಜುಕೊಳಕ್ಕೆ ಧುಮುಕಿದ. ನೀರಿನಡಿ ಗಾಳಿ ಮುಗಿದರೆ ಅಂಗೈಯನ್ನು ಕತ್ತಿನ ಮುಂದೆ ಅಡ್ಡ ಎಳೆಯಬೇಕು, ಜೋಡಿಯವನು ತಕ್ಷಣ ತನ್ನ ಗಾಳಿ ಕೊಡಬೇಕು. ಇಬ್ಬರೂ ಊಟಕ್ಕೆ ಕೂತಾಗಲೂ ಅದನ್ನೇ ಅಭ್ಯಾಸ ಮಾಡುತ್ತಿದ್ದರು.

ತಕರಾರು ಮೀಸೆಯದ್ದೇ. ಅದರ ಸಂದಿಯಿಂದ ಕಣ್ಣು ಮೂಗು ಮುಚ್ಚುವ ಮಾಸ್ಕಿನೊಳಗೆ ನೀರು ನುಗ್ಗುತ್ತಿತ್ತು. "ಮೀಸೆ ತೆಗೀರಿ, ಇಲ್ಲಾಂದ್ರೆ ದೋಣೀಲೇ ಕೂತಿರಿ," ಅಂದುಬಿಟ್ಟ ಕಲಿಸುವವನು.

ಭಾವಮೈದುನ ಬಿದ್ದು ಬಿದ್ದು ನಕ್ಕ. "ಪ್ರಾಣ ಬಿಟ್ಟಾರು, ಮೀಸೆ ಬಿಡಲ್ಲ ನಮ್ಮ ಭಾವ!"

ಹೊರಡುವ ವಾರ ಬಂತು. ಅಂಗಡಿ ತೆರೆದವನೇ ಮೀಸೆ ಮಾವ ಗಿರಾಕಿಯ ಕುರ್ಚಿಯಲ್ಲಿ ತಾನು ಕೂತು, ಉಸಿರು ಬಿಗಿಹಿಡಿದು, ಬೋಳಿಸಿಯೇ ಬಿಟ್ಟ. ಮೇಲ್ದುಟಿ ಸುಲಿದ ಆಲೂಗಡ್ಡೆಯ ಹಾಗೆ ಕಂಡಿತು. ಭಾವಮೈದುನ ಇದನ್ನು ನೋಡಿ ಹೇಗೆ ಕುಣಿದಾನು ಎಂದುಕೊಳ್ಳುತ್ತ ಎದ್ದು ನಿಲ್ಲುವಷ್ಟರಲ್ಲಿ ಅವನೇ ಬಂದ. ಜೊತೆಗೆ ಅವನ ಆಫೀಸಿನ ಸಾಹೇಬರು. ಅವರದೂ ಪೊದೆಮೀಸೆ.

ಚಪ್ಪಲಿ ಬಿಡುತ್ತಲೇ ಭಾವಮೈದುನ ಶುರು ಮಾಡಿದ. "ಭಾವ, ಸಾಹೇಬ್ರ ಮೀಸೆ ಪೂರ್ತಿ ತೆಗೀಬೇಕು. ಒಂದು ಕೂದಲು ಉಳಿದ್ರೂ ಮಾಸ್ಕಿಗೆ ನೀರು..." ಅಲ್ಲಿಗೆ ತಲೆ ಎತ್ತಿದ. ಭಾವನ ಮೀಸೆ ಇರಲಿಲ್ಲ.

"ಪುಣ್ಯಾತ್ಮ ಕಣ್ರೀ ನಿಮ್ಮ ಭಾವಮೈದ," ಸಾಹೇಬರು ಕುರ್ಚಿಗೆ ಒರಗಿದರು. "ಜೋಡಿ ಬರೋರು ಹಿಂದೆ ಸರಿದ್ರಂತೆ. ಆ ಜಾಗ ನನಗೇ ಕೊಟ್ಟ."

"ಯಾರಂತೆ ಹಿಂದೆ ಸರಿದೋರು?"

"ಯಾರೋ ಪುಕ್ಕಲ. ನೀರು ಕಂಡ್ರೇ ನಡುಗ್ತಾನಂತೆ."

ಭಾವಮೈದುನ ಹತ್ತಿರ ಬಂದು ಪಿಸುಗುಟ್ಟಿದ. "ನೀವು ಮೀಸೆ ತೆಗೆಯಲ್ಲ ಅಂದ್ಕೊಂಡೆ ಭಾವ. ಜಾಗ ಸಾಹೇಬ್ರಿಗೆ ಕೊಟ್ಟಿದ್ದು ಅಕ್ಕಂಗೂ ಹೇಳಿದ್ದೆ."

ಅಕ್ಕನಿಗೂ! ಇವತ್ತು ಬೆಳಿಗ್ಗೆಯಷ್ಟೇ ಏನೂ ಅರಿಯದವಳಂತೆ ಗಂಡನ ಈಜುಚಡ್ಡಿಗೆ ಹೊಸ ಲಾಡಿ ಪೋಣಿಸಿ ಕೊಟ್ಟವಳು ಅವಳು. ನಂಬಿದ ಎಮ್ಮೆ ಕೋಣ ಈದಿತ್ತು.

"ನನ್ನನ್ನ ಒಂದು ಮಾತು ಕೇಳಿದ್ಯಾ?"

ಮೀಸೆ ಮಾವ ಸಾಹೇಬರ ಕತ್ತಿಗೆ ಬಟ್ಟೆ ಸುತ್ತಿ, ನೊರೆ ಹಚ್ಚಿ, ಒಂದು ಕೂದಲೂ ಉಳಿಯದ ಹಾಗೆ ಬೋಳಿಸಿದ. ಕತ್ತಿ ಕೆಳಗಿಟ್ಟ. ಆಮೇಲೆ ಕನ್ನಡಿಯಲ್ಲಿ ಭಾವಮೈದುನನ ಕಣ್ಣನ್ನೇ ನೋಡುತ್ತ ಅಂಗೈಯನ್ನು ತನ್ನ ಕತ್ತಿನ ಮುಂದೆ ಮೆಲ್ಲಗೆ ಅಡ್ಡ ಎಳೆದ.

"ಅಯ್ಯೋ, ಯಾರ ಕತ್ತು ಕುಯ್ತೀರ್ರೀ?" ಸಾಹೇಬರು ಗಾಬರಿಯಲ್ಲಿ ನಕ್ಕರು.

ಅದರ ಅರ್ಥ ಗೊತ್ತಿದ್ದವನು ತಲೆ ತಗ್ಗಿಸಿದ. ನೆಲದ ಮೇಲೆ ಎರಡು ಮೀಸೆಗಳು ಬೆರೆತು ಬಿದ್ದಿದ್ದವು.